ಮುತ್ತುಲಕ್ಷ್ಮಿ ರೆಡ್ಡಿ ಮೊದಲು ಬಿಡಿಸಿದ್ದು ಜಮೀನಿನ ಗಂಟು

ಮಾನ್ಯ ಸಂಪಾದಕರೇ,

ಮಹಿಳಾ ದಿನದ ನಿಮಿತ್ತ ನಮ್ಮ ತಾಲ್ಲೂಕಿನಲ್ಲಿ ನಡೆದ ಒಂದು ಕಾರ್ಯಕ್ರಮದಲ್ಲಿ ಭಾಷಣಕಾರರೊಬ್ಬರು ಡಾ. ಮುತ್ತುಲಕ್ಷ್ಮಿ ರೆಡ್ಡಿಯವರನ್ನು ದೇಶದ ಮೊದಲ ಮಹಿಳಾ ಡಾಕ್ಟರ್ ಅಂತ ಹೇಳಿ ಚಪ್ಪಾಳೆ ಗಿಟ್ಟಿಸಿದರು. ತಪ್ಪು. ಆನಂದಿಬಾಯಿ ಜೋಶಿ ಅಮೆರಿಕದಲ್ಲಿ ಡಾಕ್ಟರ್ ಪದವಿ ಪಡೆದದ್ದು 1886ರಲ್ಲಿ, ಮುತ್ತುಲಕ್ಷ್ಮಿ ಪುದುಕ್ಕೋಟೆಯಲ್ಲಿ ಹುಟ್ಟಿದ್ದೂ ಅದೇ ವರ್ಷ, ಜುಲೈ 30ಕ್ಕೆ. ಇರಲಿ, ಭಾಷಣದಲ್ಲಿ ಇಂಥದ್ದು ಆಗ್ತಾನೇ ಇರುತ್ತದೆ. ನನಗೆ ಬೇಜಾರಾಗಿದ್ದು ಬೇರೆಯದಕ್ಕೆ. ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವ ದೇವದಾಸಿ ಪದ್ಧತಿಯ ವಿರುದ್ಧ ಆಕೆ ಶಾಸಕಿಯಾಗಿ ಏನು ಮಾಡಿದರು ಅನ್ನುವುದರ ಬಗ್ಗೆ ಒಂದೇ ಒಂದು ಮಾತು ಬರಲಿಲ್ಲ. ಅದೂ ಎಲ್ಲಿ? ಸವದತ್ತಿಯಲ್ಲಿ. ಯಾವ ದೇವಿಯ ಹೆಸರಲ್ಲಿ ನಮ್ಮ ಕಡೆ ಹೆಣ್ಣುಮಕ್ಕಳನ್ನು ಬಿಡುತ್ತಾ ಬಂದರೋ ಆ ಎಲ್ಲಮ್ಮನ ಗುಡ್ಡ ಕಣ್ಣೆದುರಿಗೇ ಇರುವ ಊರಲ್ಲಿ. ಆಕೆಯ ಬಗ್ಗೆ ಮಾತಾಡಬೇಕಾದ ಜಾಗ ಈ ರಾಜ್ಯದಲ್ಲಿ ಒಂದಿದ್ದರೆ ಅದು ಇದೇ ಅಲ್ವಾ? ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಿದೆ. ಜಾಗ ಇಲ್ಲದಿದ್ದರೆ ಕತ್ತರಿಸಿ ಹಾಕಿ, ಆದರೆ ಜಮೀನಿನ ವಿಷಯ ಮಾತ್ರ ಕತ್ತರಿಸಬೇಡಿ.

ಆಕೆಯ ತಂದೆ ನಾರಾಯಣಸ್ವಾಮಿ ಪುದುಕ್ಕೋಟೆಯ ಮಹಾರಾಜ ಕಾಲೇಜಿನ ಪ್ರಿನ್ಸಿಪಾಲರು. ತಾಯಿ ಚಂದ್ರಮ್ಮಾಳ್ ದೇವದಾಸಿ ಸಮುದಾಯದಿಂದ ಬಂದವರು. ಈ ಎರಡನೆಯ ಸಂಗತಿ ಭಾಷಣಗಳಲ್ಲಿ ಸಾಮಾನ್ಯವಾಗಿ ಬರುವುದಿಲ್ಲ, ಬಂದರೂ ಧ್ವನಿ ತಗ್ಗಿಸಿ ಹೇಳುತ್ತಾರೆ. ಯಾಕೆ ತಗ್ಗಿಸಬೇಕು ಅಂತ ನನಗೆ ಅರ್ಥವಾಗಿಲ್ಲ. ಗಂಡುಹುಡುಗರ ಕಾಲೇಜಿಗೆ ಹುಡುಗಿಯನ್ನು ಸೇರಿಸಿಕೊಳ್ಳಬಾರದು ಅಂತ ದೊಡ್ಡ ಗಲಾಟೆಯೇ ಆಯಿತು. ಅಲ್ಲಿನ ಮಹಾರಾಜರು ಅದಕ್ಕೆ ಸೊಪ್ಪು ಹಾಕಲಿಲ್ಲ. ಆಮೇಲೆ ಮದ್ರಾಸ್ ಮೆಡಿಕಲ್ ಕಾಲೇಜು. 1907ರಲ್ಲಿ ಸೇರಿ 1912ರಲ್ಲಿ ಪದವಿ ಮುಗಿಸಿದರು. 1914ರಲ್ಲಿ ಡಾ. ಸುಂದರ ರೆಡ್ಡಿ ಅವರನ್ನು ಮದುವೆಯಾಗುವಾಗ ಮೊದಲೇ ಷರತ್ತು ಹಾಕಿದ್ದರು: ನನ್ನನ್ನು ಸಮಾನಳಂತೆ ನೋಡಬೇಕು, ನನ್ನ ಕೆಲಸಕ್ಕೆ ಅಡ್ಡ ಬರಬಾರದು. ನೂರು ವರ್ಷದ ಮೇಲಾಯಿತು, ಇಂದಿಗೂ ನಮ್ಮ ಕಡೆ ಕನ್ಯೆ ನೋಡಲು ಬಂದವರ ಮುಂದೆ ಹುಡುಗಿ ಈ ಮಾತು ಆಡಿದರೆ ಚಹಾ ಕುಡಿಯದೇ ಎದ್ದು ಹೋಗುತ್ತಾರೆ.

ಇನ್ನು ಶಾಸನಸಭೆ. 1926ರ ಚುನಾವಣೆಯಲ್ಲಿ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಮದ್ರಾಸ್ ಶಾಸನ ಪರಿಷತ್ತಿಗೆ ನಿಂತು ಸ್ವಲ್ಪ ಮತಗಳಿಂದ ಸೋತರು. ಅವರು ಗೆದ್ದಿದ್ದರೆ ಮೊದಲಿಗರ ಪಟ್ಟಿಯಲ್ಲಿ ಕನ್ನಡನಾಡಿನ ಹೆಣ್ಣುಮಗಳ ಹೆಸರು ಇರುತ್ತಿತ್ತು. ಕಡೆಗೆ ಮಹಿಳಾ ಸಂಘಟನೆಗಳ ಒತ್ತಾಯದ ಮೇಲೆ ಸರ್ಕಾರ ಮುತ್ತುಲಕ್ಷ್ಮಿಯವರನ್ನು ಪರಿಷತ್ತಿಗೆ ನಾಮನಿರ್ದೇಶನ ಮಾಡಿತು. ಹೀಗೆ ಬ್ರಿಟಿಷ್ ಇಂಡಿಯಾದ ಮೊದಲ ಶಾಸಕಿ ಆಕೆ. ಸಂಸ್ಥಾನಗಳನ್ನು ಸೇರಿಸಿದರೆ ತಿರುವಾಂಕೂರಿನಲ್ಲಿ ಮೇರಿ ಪುನ್ನೆನ್ ಲೂಕೋಸ್ ಎಂಬ ಇನ್ನೊಬ್ಬ ಡಾಕ್ಟರ್ ಅದಕ್ಕೂ ಮೊದಲೇ ಸಭೆಗೆ ಹೋಗಿದ್ದರು. 1927ರಲ್ಲಿ ಸದಸ್ಯರೆಲ್ಲ ಸೇರಿ ಮುತ್ತುಲಕ್ಷ್ಮಿಯವರನ್ನು ಉಪಾಧ್ಯಕ್ಷೆಯಾಗಿ ಒಮ್ಮತದಿಂದ ಆರಿಸಿದರು. ಇಡೀ ಸಭೆಯಲ್ಲಿ ಇದ್ದ ಹೆಂಗಸು ಒಬ್ಬರೇ, ಅವರೇ ಉಪಾಧ್ಯಕ್ಷೆ.

ಕುರ್ಚಿ ಸಿಕ್ಕಿತು ಅಂತ ಸುಮ್ನೆ ಕೂರಲಿಲ್ಲ. ಹುಡುಗಿಯರ ಮದುವೆಯ ವಯಸ್ಸು 16ಕ್ಕೆ, ಹುಡುಗರದ್ದು 21ಕ್ಕೆ ಏರಿಸಬೇಕು ಅಂತ ಠರಾವು ತಂದರು. 1929ರ ಶಾರದಾ ಕಾಯ್ದೆ ಕೊನೆಗೆ ಹುಡುಗಿಯರಿಗೆ ಒಪ್ಪಿದ್ದು 14 ಮಾತ್ರ. ವೇಶ್ಯಾಗೃಹಗಳನ್ನು ಮುಚ್ಚಿಸುವ ಕಾನೂನಿಗೆ ಹೋರಾಡಿದರು. ಶಾಲಾ ಮಕ್ಕಳ ಆರೋಗ್ಯ ತಪಾಸಣೆ, ಮುಸ್ಲಿಂ ಹುಡುಗಿಯರಿಗೆ ಹಾಸ್ಟೆಲ್, ಹೀಗೆ ಇನ್ನೂ ಎಷ್ಟೋ ಇವೆ. ಆದರೆ ನಾನು ಹೇಳಬೇಕೆಂದಿರುವುದು ಒಂದೇ ಕೆಲಸದ ಬಗ್ಗೆ.

1927ರ ನವೆಂಬರಿನಲ್ಲಿ ಆಕೆ ಹೆಣ್ಣುಮಕ್ಕಳನ್ನು ದೇವಸ್ಥಾನಕ್ಕೆ ಬಿಡುವ ಪದ್ಧತಿಯನ್ನು ಕಾನೂನು ಮಾಡಿ ನಿಲ್ಲಿಸಬೇಕು ಅಂತ ಸಭೆಯ ಮುಂದೆ ಠರಾವು ಇಟ್ಟರು. ಅದು ಪಾಸಾಯಿತು. ಪಾಸಾದ ಠರಾವು ಮನೆಗೆ ರೇಷನ್ ತರುವುದಿಲ್ಲ ಅಂತ ಆಕೆಗೆ ಗೊತ್ತಿತ್ತು. ಹಾಗಾಗಿ ಈ ಪದ್ಧತಿ ಯಾವುದರ ಮೇಲೆ ನಿಂತಿದೆ ಅಂತ ನೋಡಿದರು. ಅದು ನಿಂತಿದ್ದು ಜಮೀನಿನ ಮೇಲೆ. ದೊಡ್ಡ ದೇವಸ್ಥಾನಗಳ ದೇವದಾಸಿಯರಿಗೆ ಇನಾಮು ಭೂಮಿ ಇತ್ತು. ಸೇವೆ ನಡೆಯುವವರೆಗೆ ಭೂಮಿ ನಿಮ್ಮದು, ಸೇವೆ ನಿಂತರೆ ಭೂಮಿ ವಾಪಸು. ಹಾಗಿದ್ದಾಗ ತಾಯಿಯಾದವಳು ಏನು ಮಾಡುತ್ತಾಳೆ? ಭೂಮಿ ಉಳಿಯಬೇಕಾದರೆ ಮಗಳನ್ನೋ ಸಾಕುಮಗಳನ್ನೋ ಅದೇ ಸೇವೆಗೆ ಬಿಡಲೇಬೇಕು. ಭಕ್ತಿ, ಸಂಪ್ರದಾಯ ಅಂತ ನಾವು ಕರೆಯುವುದರ ಒಳಗೆ ಒಂದು ಪಹಣಿಪತ್ರ ಇತ್ತು ಅನ್ನಿ.

1929ರಲ್ಲಿ ಆಕೆ ಮಾಡಿಸಿದ ತಿದ್ದುಪಡಿ ಇದನ್ನೇ ಹಿಡಿಯಿತು. ಮದ್ರಾಸಿನ ಧಾರ್ಮಿಕ ದತ್ತಿ ಕಾನೂನಿಗೆ ತಂದ ತಿದ್ದುಪಡಿ ಅದು. ಅದರ ಪ್ರಕಾರ ಇನಾಮು ಭೂಮಿಗೂ ಸೇವೆಗೂ ಇದ್ದ ಕೊಂಡಿ ಕಳಚಿತು. ಸೇವೆ ಮಾಡದೇ ಇದ್ದರೂ ಭೂಮಿ ಆ ಹೆಣ್ಣುಮಗಳ ಕೈಯಲ್ಲೇ ಉಳಿಯುತ್ತದೆ. ಇದಾದ ಮೇಲೆಯೇ ಅರ್ಪಣೆಯನ್ನೇ ಪೂರ್ತಿ ನಿಷೇಧಿಸುವ ಮಸೂದೆ ತಂದರು, 1930ರಲ್ಲಿ. ಮೊದಲು ಹೊಟ್ಟೆಯ ದಾರಿ, ಆಮೇಲೆ ನಿಷೇಧ. ಈ ಕ್ರಮ ನೋಡಿ. ಭಾಷಣ ಮಾಡುವವರಿಗೆ ಇದು ಹೊಳೆಯುವುದಿಲ್ಲ. ಕಡತ ಬಿಚ್ಚಿ ಓದಿದವರಿಗೆ ಮಾತ್ರ ಹೊಳೆಯುತ್ತದೆ. ನನಗೆ ಆಕೆ ದೊಡ್ಡವರು ಅನಿಸುವುದು ಇದಕ್ಕೇ, ಮೊದಲಿಗರು ಅನ್ನುವುದಕ್ಕೆ ಅಲ್ಲ. ಮೊದಲಿಗರು ಯಾರೋ ಒಬ್ಬರು ಆಗಲೇಬೇಕಲ್ಲ.

ವಿರೋಧ ಕಡಿಮೆ ಇರಲಿಲ್ಲ. ಕಾಂಗ್ರೆಸ್ಸಿನ ಸತ್ಯಮೂರ್ತಿಯಂಥ ದೊಡ್ಡ ಮುಖಂಡರೇ ಸಂಪ್ರದಾಯದ ಹೆಸರಲ್ಲಿ ಎದುರು ನಿಂತರು. ದೇವದಾಸಿಯರ ಸಂಘಟನೆಗಳೂ ಮನವಿ ಕೊಟ್ಟವು. ಅವರ ಪರವಾಗಿ ಗಟ್ಟಿಯಾಗಿ ಮಾತಾಡಿದವರು ನಮ್ಮ ಬೆಂಗಳೂರು ನಾಗರತ್ನಮ್ಮ, ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದ ಗಾಯಕಿ. ಅವರು ಹುಟ್ಟಿದ್ದು ನಂಜನಗೂಡಿನಲ್ಲಿ. ಮೈಸೂರು ಸರ್ಕಾರ ಅದೇ ನಂಜನಗೂಡಿನ ದೇವಸ್ಥಾನದಲ್ಲಿ ದೇವದಾಸಿ ಸೇವೆಯನ್ನು 1909ರಲ್ಲೇ ನಿಲ್ಲಿಸಿತ್ತು. ನಾಗರತ್ನಮ್ಮನವರ ತಕರಾರು ಇಷ್ಟು: ನಾವು ಕಲಾವಿದರು, ಓದು ಬರಹ ಬಲ್ಲವರು, ಆಸ್ತಿಯ ಹಕ್ಕಿದ್ದವರು, ನಮ್ಮನ್ನೂ ವೇಶ್ಯೆಯರನ್ನೂ ಒಂದೇ ಮಾಡಬೇಡಿ. ಈ ಮಾತನ್ನು ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ. ಹಾಡು, ಕುಣಿತ ಆ ಹೆಣ್ಣುಮಕ್ಕಳ ಕೈತಪ್ಪಿ ಮೇಲುಜಾತಿಯ ಸಭೆಗಳಿಗೆ ಹೋಯಿತು, ಅವರಿಗೆ ಸಿಗಬೇಕಾದ ಗೌರವ ಸಿಗಲಿಲ್ಲ ಅಂತ ಇವತ್ತು ಬರೆಯುವವರ ಮಾತಿನಲ್ಲೂ ಹುರುಳಿದೆ. ಮುತ್ತುಲಕ್ಷ್ಮಿ ಈ ಭಾಗವನ್ನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ ಅನ್ನುವುದೇ ನನ್ನ ಅಭಿಪ್ರಾಯ. ಆದರೆ ನಾಗರತ್ನಮ್ಮನಂಥ ಹೆಸರು, ಆಸ್ತಿ ಎಷ್ಟು ಜನರಿಗಿತ್ತು? ಆರೇಳು ವರ್ಷದ ಕೂಸಿಗೆ ಯಾರು ಕೇಳಿ ತಾಳಿ ಕಟ್ಟಿದರು? ತಕ್ಕಡಿ ಹಿಡಿದರೆ ನಾನು ಮುತ್ತುಲಕ್ಷ್ಮಿಯವರ ಕಡೆಗೇ ನಿಲ್ಲುತ್ತೇನೆ. ಅದೇ ಸಮುದಾಯದಿಂದ ಬಂದ ಮೂವಲೂರು ರಾಮಾಮಿರ್ದಂ ಅಮ್ಮಾಳ್ ಕೂಡ ಬೀದಿಯಲ್ಲಿ ನಿಂತು ಈ ಪದ್ಧತಿಯ ವಿರುದ್ಧ ಹೋರಾಡಿದರು ಅನ್ನುವುದನ್ನು ಮರೆಯಬಾರದು.

1930ರಲ್ಲಿ ಉಪ್ಪಿನ ಸತ್ಯಾಗ್ರಹದಲ್ಲಿ ಗಾಂಧೀಜಿಯವರನ್ನು ಬಂಧಿಸಿದಾಗ ಆಕೆ ಪರಿಷತ್ತಿಗೆ ರಾಜೀನಾಮೆ ಕೊಟ್ಟರು. ತಾನೇ ತಂದ ಮಸೂದೆ ಇನ್ನೂ ದಡ ಸೇರಿರಲಿಲ್ಲ. ಅದನ್ನು ಬಿಟ್ಟು ಬರುವುದು ಸುಲಭವಾಗಿರಲಿಕ್ಕಿಲ್ಲ. ಮದ್ರಾಸಿನಲ್ಲಿ ನಿಷೇಧ ಕಾನೂನಾಗಿದ್ದು 1947ರಲ್ಲಿ. ಅಂದರೆ ಹದಿನೇಳು ವರ್ಷ. ರಾಜೀನಾಮೆಯ ಹೊತ್ತಿಗೆ ಪದ್ಧತಿಯಿಂದ ತಪ್ಪಿಸಿಕೊಂಡು ಬಂದ ಹುಡುಗಿಯರಿಗೆ ಮದ್ರಾಸಿನ ಹಾಸ್ಟೆಲುಗಳು ಜಾಗ ಕೊಡದಿದ್ದಾಗ ತಮ್ಮ ಮನೆಯಲ್ಲೇ ಇಟ್ಟುಕೊಂಡರು. ಅದೇ ಮುಂದೆ ಅವ್ವೈ ಇಲ್ಲಂ ಎಂಬ ಆಶ್ರಯಧಾಮ ಆಯಿತು. ತಂಗಿ ಕ್ಯಾನ್ಸರಿನಿಂದ ತೀರಿಕೊಂಡ ಸಂಕಟ ಮನಸ್ಸಲ್ಲಿತ್ತು. ಅದರಿಂದ ಅಡ್ಯಾರಿನ ಕ್ಯಾನ್ಸರ್ ಆಸ್ಪತ್ರೆ ಹುಟ್ಟಿತು, 1954ರಲ್ಲಿ ಬರೀ 12 ಹಾಸಿಗೆಯಿಂದ ಶುರುವಾಯಿತು. 1956ರಲ್ಲಿ ಪದ್ಮಭೂಷಣ. 1968ರ ಜುಲೈನಲ್ಲಿ ತೀರಿಕೊಂಡರು.

ಈಗ ನಮ್ಮ ಕಡೆ ಬರೋಣ. ಆಗ ಬೆಳಗಾವಿ, ವಿಜಯಪುರ ಮುಂಬಯಿ ಪ್ರಾಂತ್ಯದಲ್ಲಿದ್ದವು. ಬಾಗಲಕೋಟೆ ವಿಜಯಪುರ ಜಿಲ್ಲೆಯೊಳಗೇ ಇತ್ತು. ಹಾಗಾಗಿ ಮುತ್ತುಲಕ್ಷ್ಮಿಯವರ ಕಾನೂನು ನಮಗೆ ಬರಲಿಲ್ಲ. ನಮಗೆ ಬಂದಿದ್ದು 1934ರ ಮುಂಬಯಿ ದೇವದಾಸಿ ರಕ್ಷಣಾ ಕಾಯ್ದೆ. ಈ ಕಡೆಯ ಬಳ್ಳಾರಿ ಮದ್ರಾಸಿನಲ್ಲಿತ್ತು, ಅಲ್ಲಿಗೆ ಆಕೆಯ ಕಾನೂನು ನೇರವಾಗಿ ಅನ್ವಯ. ಆದರೂ ಕೂಡ್ಲಿಗಿ, ಹರಪನಹಳ್ಳಿ ಸೀಮೆಯಲ್ಲಿ ಪದ್ಧತಿ ನಿಂತಿತೇ? ಇಲ್ಲ. ಇಲ್ಲಿಯೂ ನಿಲ್ಲಲಿಲ್ಲ. ಆಮೇಲೆ ರಾಜ್ಯಕ್ಕೆಲ್ಲ ಒಂದೇ ಅಂತ 1982ರ ಕಾಯ್ದೆ ಬಂತು. ಅರ್ಪಿಸಿದವರಿಗೆ ಜೈಲು, ಅದರಲ್ಲೂ ತಂದೆ ತಾಯಿಯೇ ಅರ್ಪಿಸಿದರೆ ಇನ್ನೂ ಜಾಸ್ತಿ. ಕಾಗದದಲ್ಲಿ ಬಿಗಿಯಾಗಿಯೇ ಇದೆ.

ಯಾಕೆ ನಿಲ್ಲಲಿಲ್ಲ ಅಂದರೆ ನಮ್ಮ ಕಡೆಯ ಕಟ್ಟು ಬೇರೆ. ಇಲ್ಲಿ ಮುತ್ತು ಕಟ್ಟಿಸಿಕೊಂಡವರಿಗೆ, ಅಂದರೆ ಕೊರಳಿಗೆ ಮುತ್ತಿನ ಸರ ಕಟ್ಟಿ ಎಲ್ಲವ್ವನಿಗೆ ಬಿಟ್ಟವರಿಗೆ, ಇನಾಮು ಭೂಮಿ ಎಲ್ಲಿಂದ ಬರಬೇಕು? ಬಹುಪಾಲು ದಲಿತ ಕೇರಿಯ ಬಡ ಹೆಣ್ಣುಮಕ್ಕಳು. ಗುಡಿಯೊಳಗೆ ಸೇವೆಯೂ ಇಲ್ಲ, ಸಂಬಳವೂ ಇಲ್ಲ. ಕೈಯಲ್ಲಿ ಚೌಡಿಕೆ ವಾದ್ಯ, ತಲೆ ಮೇಲೆ ದೇವಿಯ ಮೂರ್ತಿಯ ಜಗ, ಹಣೆ ತುಂಬ ಭಂಡಾರ, ಮಂಗಳವಾರ ಶುಕ್ರವಾರ ಐದು ಮನೆ ಜೋಗ. ಉಧೋ ಉಧೋ ಅಂದರೆ ಯಾರಾದರೂ ಬೊಗಸೆ ಜೋಳ ಹಾಕುತ್ತಾರೆ. ರಂಡಿ ಹುಣ್ಣಿಮೆಗೆ ವಿಧವೆಯರ ಹಾಗೆ ಬಳೆ ಒಡೆಯುವುದು, ಭಾರತ ಹುಣ್ಣಿಮೆಗೆ ಮತ್ತೆ ಬಳೆ ತೊಡುವುದು. ನಡುವೆ ಯಾರೋ ಒಬ್ಬ ಇಟ್ಟುಕೊಂಡವ, ಅವನಿಗೆ ಬೇರೆ ಮನೆ, ಬೇರೆ ಹೆಂಡತಿ, ಬೇರೆ ಮಕ್ಕಳು.

ಹಾಗಂತ ಇಲ್ಲಿ ಲೆಕ್ಕಾಚಾರವೇ ಇರಲಿಲ್ಲ ಅಂದುಕೊಳ್ಳಬೇಡಿ. ಗಂಡುಮಕ್ಕಳಿಲ್ಲದ ಮನೆಯಲ್ಲಿ ಮಗಳಿಗೆ ಮುತ್ತು ಕಟ್ಟಿಸಿದರೆ ಅವಳು ಗಂಡನ ಮನೆಗೆ ಹೋಗುವುದಿಲ್ಲ. ಮಗನ ಹಾಗೆ ಮನೆಯಲ್ಲೇ ಉಳಿದು ತಂದೆ ತಾಯಿಯನ್ನು ಸಾಕುತ್ತಾಳೆ, ಇದ್ದ ಗುಡಿಸಲು, ಅರ್ಧ ಎಕರೆ ಅವಳಿಗೇ. ವರದಕ್ಷಿಣೆಯ ಖರ್ಚೂ ಇಲ್ಲ. ಹುಡುಗಿಯ ಕೂದಲು ಸಿಕ್ಕುಗಟ್ಟಿ ಜಡೆ ಬಿತ್ತು, ಎಲ್ಲವ್ವ ಕರೆದಳು ಅನ್ನುವುದು ನೆಪ. ಎಣ್ಣೆ, ಶಾಂಪೂ, ಹೇನಿನ ಬಾಚಣಿಗೆ ಇದ್ದ ಮನೆಯ ಹುಡುಗಿಯರನ್ನು ಎಲ್ಲವ್ವ ಕರೆದದ್ದನ್ನು ನಾನಂತೂ ನೋಡಿಲ್ಲ. ಅಂದರೆ ಮದ್ರಾಸಿನಲ್ಲಿ ಭೂಮಿ ಕೈಬಿಟ್ಟು ಹೋಗುತ್ತದೆ ಅನ್ನುವ ಭಯ, ಇಲ್ಲಿ ಮುಪ್ಪಿನಲ್ಲಿ ನೋಡುವವರಿಲ್ಲ ಅನ್ನುವ ಭಯ. ಎರಡೂ ಕಡೆ ದೇವಿ ಆಮೇಲೆ ಬಂದವಳು. ಮುತ್ತುಲಕ್ಷ್ಮಿ ತಮ್ಮ ಕಡೆಯ ಭಯವನ್ನು ಹಿಡಿದು ಅದಕ್ಕೆ ಕಾನೂನು ಬರೆದರು. ನಮ್ಮ ಕಡೆಯ ಭಯವನ್ನು ಯಾರೂ ಹಾಗೆ ಕುಳಿತು ಓದಲಿಲ್ಲ. ಶಿಕ್ಷೆ ಮೊದಲು ಬರೆದರು, ಬದುಕಿನ ದಾರಿ ಆಮೇಲೆ ನೋಡೋಣ ಅಂದರು.

ಆಮೇಲೆ ಏನೂ ಆಗಲಿಲ್ಲ ಅನ್ನಲಾರೆ. 1993-94 ಮತ್ತು 2007-08ರಲ್ಲಿ ಎರಡು ಸಮೀಕ್ಷೆ ಆದವು, ಒಟ್ಟು 46,660 ಮಾಜಿ ದೇವದಾಸಿಯರನ್ನು ಗುರುತಿಸಿದರು. ಮಹಿಳಾ ಅಭಿವೃದ್ಧಿ ನಿಗಮದ ಮೂಲಕ ಮಾಸಾಶನ, ಮನೆ, ಸಾಲ ಅಂತ ಕೊಟ್ಟರು. ಘಟಪ್ರಭಾದ ಕಡೆ ಮಾಸ್ ಸಂಸ್ಥೆಯನ್ನು ಮಾಜಿ ದೇವದಾಸಿಯರೇ ನಡೆಸುತ್ತಿದ್ದಾರೆ. ಸಣ್ಣ ವಯಸ್ಸಿನಲ್ಲೇ ಮುತ್ತು ಕಟ್ಟಿಸಿಕೊಂಡು, ಆಮೇಲೆ ಆ ಸಂಸ್ಥೆಯನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿಯವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಬೆಳಗಾವಿ ಜಿಲ್ಲೆಯ ಶಾಲೆಗಳಲ್ಲಿ ಎಷ್ಟು ಮಕ್ಕಳಿಗೆ ಅವರ ಹೆಸರು ಗೊತ್ತು ಅಂತ ಕೇಳಿ ನೋಡಿ. ನಮ್ಮ ಶಾಲೆಯ ಬಗ್ಗೆಯೂ ನಾನು ಹೆಮ್ಮೆಯಿಂದ ಹೇಳುವಂಥದ್ದೇನೂ ಇಲ್ಲ.

ನಾನು ಶಿಕ್ಷಕಿ. ದಾಖಲಾತಿ ಸಮಯದಲ್ಲಿ ನೋಡಿದ್ದನ್ನೇ ಹೇಳುತ್ತೇನೆ. ಐದನೇ ತರಗತಿ ಮುಗಿಸಿದ ಹುಡುಗಿ, ಜೊತೆಗೆ ತಾಯಿ. ಕೊರಳಲ್ಲಿ ಕೆಂಪು ಬಿಳಿ ಮುತ್ತಿನ ಸರ, ಅದನ್ನು ಸೆರಗಿನಿಂದ ಮುಚ್ಚಿಕೊಂಡಿದ್ದಾಳೆ. ಫಾರ್ಮು ತುಂಬುವ ಗುಮಾಸ್ತರು ತಲೆ ಎತ್ತದೆ ತಂದೆ ಹೆಸರು ಅಂತಾರೆ. ತಾಯಿ ಸುಮ್ಮನಿರುತ್ತಾಳೆ. ಅವರು ಮತ್ತೆ, ಜೋರಾಗಿ, ತಂದೀ ಹೆಸರವ್ವಾ ಅಂತಾರೆ. ಸರತಿಯಲ್ಲಿ ನಿಂತವರೆಲ್ಲ ತಿರುಗಿ ನೋಡುತ್ತಾರೆ. ಹುಡುಗಿ ಗೋಡೆ ಮೇಲಿನ ಕರ್ನಾಟಕದ ನಕಾಶೆಯನ್ನು ನೋಡುತ್ತ ನಿಲ್ಲುತ್ತಾಳೆ. ಆ ಜಾಗದಲ್ಲಿ ತಾಯಿಯ ಹೆಸರು ಬರೆಯಬಹುದು ಅಂತ ನಾನು ಹೇಳಿದೆ, ಮೇಲಿನವರು ಕೇಳಿದರೆ ನೀವೇ ಉತ್ತರ ಕೊಡ್ತೀರಾ ಮೇಡಂ ಅಂತ ಬಂತು ಮಾತು. ಬರೆಸಿದೆವು, ಅದು ಬೇರೆ. ಆದರೆ ಅಷ್ಟು ಹೊತ್ತು ಆ ಮಗು ನಿಂತಿದ್ದಳಲ್ಲ.

2025ರಲ್ಲಿ ನಮ್ಮ ವಿಧಾನಮಂಡಲ ಹೊಸ ದೇವದಾಸಿ ಮಸೂದೆಗೆ ಒಪ್ಪಿಗೆ ಕೊಟ್ಟಿದೆ. ಬರೀ ನಿಷೇಧ ಅಲ್ಲ, ಪರಿಹಾರ, ಪುನರ್ವಸತಿ, ಮಕ್ಕಳು ತಂದೆ ಯಾರೆಂದು ಕೇಳಿ ಸಾಬೀತು ಮಾಡಿಸುವ ಹಕ್ಕು, ಇವೆಲ್ಲ ಅದರಲ್ಲಿವೆ. ಒಳ್ಳೆಯದೇ. ತಡವಾದರೂ ದಿಕ್ಕು ಸರಿ ಇದೆ. ಆದರೆ ಸಮೀಕ್ಷೆಯಲ್ಲಿ ಹೆಸರು ಬಿಟ್ಟುಹೋದವರ ಕಥೆ ಏನು? ನಿಮ್ಮ ವರದಿಗಾರರು ಒಂದು ಮಂಗಳವಾರ ಗುಡ್ಡಕ್ಕೆ ಬರಲಿ, ಜೋಗುಳಬಾವಿಯ ಹತ್ತಿರ ನಿಂತು ಕೇಳಲಿ. ಪಟ್ಟಿಯಲ್ಲಿ ಹೆಸರಿಲ್ಲದವರು, ಸಮೀಕ್ಷೆಗೆ ಬಂದಾಗ ದ್ರಾಕ್ಷಿ ಕೊಯ್ಲಿಗೋ ಕಬ್ಬು ಕಡಿಯಲಿಕ್ಕೋ ಸಾಂಗಲಿ ಕಡೆ ಹೋಗಿದ್ದವರು, ನಾಚಿಕೆಯಿಂದ ಹೆಸರೇ ಹೇಳದವರು, ಎಲ್ಲ ಸಿಗುತ್ತಾರೆ. ಜೈಲಿನ ಭಯಕ್ಕೆ ಈಗ ಮುತ್ತು ಕಟ್ಟುವುದು ಗುಟ್ಟಾಗಿ, ಮನೆಯೊಳಗೆ ಆಗುತ್ತದೆ ಅಂತ ಜನ ಹೇಳುತ್ತಾರೆ. ಗುಟ್ಟಾಗಿ ಆದದ್ದು ಯಾವ ಸಮೀಕ್ಷೆಗೆ ಸಿಗಬೇಕು?

ಇದನ್ನೆಲ್ಲ ಸದನದಲ್ಲಿ ಯಾರು ಕೇಳಬೇಕು? 2023ರ ಚುನಾವಣೆಯಲ್ಲಿ 224 ಸ್ಥಾನಗಳಲ್ಲಿ ಗೆದ್ದ ಹೆಣ್ಣುಮಕ್ಕಳು 10. ಬೆಳಗಾವಿ ಜಿಲ್ಲೆಯ 18ರಲ್ಲಿ ಇಬ್ಬರು, ಲಕ್ಷ್ಮೀ ಹೆಬ್ಬಾಳಕರ ಮತ್ತು ಶಶಿಕಲಾ ಜೊಲ್ಲೆ. ಬಾಗಲಕೋಟೆಯ 7ರಲ್ಲಿ, ವಿಜಯಪುರದ 8ರಲ್ಲಿ ಒಬ್ಬರೂ ಇಲ್ಲ. ಮೂರು ಜಿಲ್ಲೆ ಸೇರಿ 33ಕ್ಕೆ ಇಬ್ಬರು. ಮಹಿಳಾ ಮೀಸಲಾತಿಯ ತಿದ್ದುಪಡಿ ಅದೇ 2023ರಲ್ಲಿ ಪಾಸಾಯಿತು, ಆದರೆ ಜನಗಣತಿ ಮತ್ತು ಕ್ಷೇತ್ರ ಮರುವಿಂಗಡಣೆಗೆ ಅದನ್ನು ಕಟ್ಟಿಹಾಕಿದ್ದಾರೆ. ಹೆಣ್ಣುಮಕ್ಕಳು ಜಾಸ್ತಿ ಬಂದರೆ ಎಲ್ಲ ಸರಿಹೋಗುತ್ತದೆ ಅಂತ ನಾನು ನಂಬುವವಳಲ್ಲ. ಬಂದು ಕಡತ ಓದುವವರು ಬೇಕು. ಗಂಡಸರು ಓದಿದರೂ ನನ್ನ ಅಭ್ಯಂತರ ಇಲ್ಲ, ಓದಲಿ ಮೊದಲು.

ಬೆಳಗಾವಿಯ ಸುವರ್ಣಸೌಧದಿಂದ ಎಲ್ಲಮ್ಮನ ಗುಡ್ಡ ಒಂದು ಬೆಳಗಿನ ಪ್ರಯಾಣ. 2012ರಲ್ಲಿ ಸೌಧ ಉದ್ಘಾಟನೆ ಆದಾಗಿನಿಂದ ಚಳಿಗಾಲದ ಅಧಿವೇಶನ ಅಂದರೆ ಗಡಿ, ಕಬ್ಬಿನ ದರ, ಮಹದಾಯಿ, ಆಮೇಲೆ ಧರಣಿ, ಆಮೇಲೆ ಊಟದ ಮೆನುವಿನ ಸುದ್ದಿ. ಉತ್ತರ ಕರ್ನಾಟಕದ ಚರ್ಚೆಗೆ ಅಂತ ಇಟ್ಟ ದಿನಗಳಲ್ಲಿ ಒಂದು ಮಧ್ಯಾಹ್ನ ಈ ಹೆಣ್ಣುಮಕ್ಕಳ ಜಮೀನು, ಮನೆ ಮತ್ತು ಬಿಟ್ಟುಹೋದ ಹೆಸರುಗಳಿಗೆ ಇಡಲಿ. ಎಷ್ಟು ಜನರಿಗೆ ಉಳುವ ಭೂಮಿ ಕೊಟ್ಟಿದ್ದೀರಿ, ಅದರಲ್ಲಿ ಎಷ್ಟು ಪಹಣಿ ಆ ಹೆಣ್ಣುಮಕ್ಕಳ ಹೆಸರಲ್ಲಿದೆ, ತಾಲ್ಲೂಕುವಾರು ಹೇಳಿ ಅಂತ ಒಬ್ಬ ಸದಸ್ಯರಾದರೂ ಲಿಖಿತ ಪ್ರಶ್ನೆ ಹಾಕಲಿ. ಸವದತ್ತಿ, ರಾಯಬಾಗ, ಅಥಣಿ, ಮುಧೋಳ, ಜಮಖಂಡಿ ಸಾಕು, ಅಲ್ಲಿಂದ ಶುರು ಮಾಡಲಿ. ಉತ್ತರ ಬಂದ ದಿನ ಅದನ್ನು ಒಳಪುಟದ ಮೂಲೆಗೆ ಹಾಕದೆ ಮುಖಪುಟದಲ್ಲಿ ಛಾಪಿಸಿ ಅನ್ನುವುದು ನಿಮ್ಮಲ್ಲಿ ನನ್ನ ಕೋರಿಕೆ.

ಇಂತಿ ನಿಮ್ಮ ದಿನನಿತ್ಯದ ಓದುಗಿ,
ಒಬ್ಬ ಶಿಕ್ಷಕಿ, ಸವದತ್ತಿ ತಾಲ್ಲೂಕು, ಬೆಳಗಾವಿ ಜಿಲ್ಲೆ